ಗೋಡೆ ಬುಡದ ಸಂದು: ಇಲಿಗೂ ಹಾವಿಗೂ ಒಂದೇ ಬಾಗಿಲು

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೆಳೆ ಹೊಲದಲ್ಲಿರುವಾಗ ಅದಕ್ಕೆ ಕಾವಲುಂಟು, ಔಷಧಿಯುಂಟು, ಸಲಹೆ ಕೊಡುವವರೂ ಉಂಟು. ಅದೇ ಬೆಳೆ ಕಾಳಾಗಿ ಮನೆ ಸೇರಿದ ಮೇಲೆ ಬಾಗಿಲಿಗೆ ಒಂದು ಕೀಲಿ ಬೀಳುತ್ತದೆ. ಅಲ್ಲಿಗೆ ಕಾವಲು ಮುಗಿಯಿತೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ. ಆದರೆ ಹಳ್ಳಿಯ ಬಹಳ ಮನೆಗಳಿಗೆ ಕೀಲಿ ಇಲ್ಲದ ಇನ್ನೊಂದು ಬಾಗಿಲಿದೆ. ಅದು ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲಿ, ಚೀಲಗಳ ಹಿಂದೆ, ಬೀಸುವ ಕಲ್ಲಿನ ಮಗ್ಗುಲಲ್ಲಿ, ಹಾಸಿಗೆ ಸುತ್ತಿಡುವ ಕಡೆ ಇರುತ್ತದೆ. ಬೇಸಿಗೆಯಲ್ಲಿ ಮಕ್ಕಳ ಗೋಲಿ ಉರುಳಿ ಹೋಗಿ ಅದರೊಳಗೆ ಬಿದ್ದಾಗ, ಇಲ್ಲವೆ ಕೌದಿ ಹೊಲಿಯುವ ಸೂಜಿ ಅದರಲ್ಲಿ ಜಾರಿದಾಗ ಮಾತ್ರ ಅದು ನೆನಪಿಗೆ ಬರುತ್ತದೆ. ಮರುದಿನ ಮತ್ತೆ ಮರೆತುಹೋಗುತ್ತದೆ.

ಈ ಸಂದು ಕಾಳಿನ ನಷ್ಟಕ್ಕೆ ಕಾರಣವೆಂಬುದು ಎಲ್ಲರಿಗೂ ಗೊತ್ತು. ದೊಡ್ಡ ಇಲಿಯೊಂದು ದಿನಕ್ಕೆ 25 ಗ್ರಾಂ ಕಾಳು ತಿಂದರೂ ವರ್ಷಕ್ಕೆ 9 ಕಿಲೋ ಆಯಿತು. ತಿಂದುದಕ್ಕಿಂತ ಹಿಕ್ಕೆ, ಮೂತ್ರ, ಕೂದಲಿನಿಂದ ಕೆಡಿಸಿದ್ದು ಹೆಚ್ಚು. ಹೆಣ್ಣಿಲಿ ಗರ್ಭ ಧರಿಸಿದ ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಅದರ ಮೂತ್ರದಿಂದ ಇಲಿಜ್ವರ ಬರುತ್ತದೆ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಮಾತು ಅರ್ಧವಾದಂತೆ. ಏಕೆಂದರೆ ಇಲಿ ಬಂದ ದಾರಿಯಲ್ಲೇ ಇಲಿಯನ್ನು ಹುಡುಕಿಕೊಂಡು ಹಾವೂ ಬರುತ್ತದೆ.

ಹಾವುಗಳಲ್ಲಿ ಈ ವಿಷಯಕ್ಕೆ ಮುಖ್ಯವಾದುದು ಕಟ್ಟುಹಾವು. ಕರಾವಳಿಯಲ್ಲಿ ಇದನ್ನು ಕಡಂಬಳ ಎನ್ನುತ್ತಾರೆ. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿ ಪಟ್ಟೆಗಳು. ಹಗಲು ಬಿಲದಲ್ಲಿ, ಕಲ್ಲುಸಂದಿಯಲ್ಲಿ ಮುದುಡಿಕೊಂಡಿದ್ದು ರಾತ್ರಿ ಹೊರಬೀಳುವುದು ಇದರ ಸ್ವಭಾವ. ಇಲಿ, ಹಲ್ಲಿ, ಬೇರೆ ಹಾವುಗಳು ಇದರ ಆಹಾರ. ನಾಗರಹಾವು ಹೆಡೆ ಎತ್ತಿ ಬುಸುಗುಟ್ಟಿ ಎಚ್ಚರಿಕೆ ಕೊಡುತ್ತದೆ. ಕಟ್ಟುಹಾವು ಹಾಗಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಹತ್ತಿರ ಬಂದು, ಅವರು ಹೊರಳಿದಾಗ ಕಚ್ಚುತ್ತದೆ. ಕಚ್ಚಿದಲ್ಲಿ ನೋವು ಬಹಳ ಕಡಿಮೆ, ಬಾವು ಇರುವುದೇ ಇಲ್ಲ ಎನ್ನಬಹುದು. ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಸೊಳ್ಳೆಯೋ ಇರುವೆಯೋ ಕಚ್ಚಿತೆಂದು ಮಗ್ಗುಲು ಬದಲಿಸಿ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ; ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ರಾತ್ರಿ ಚೆನ್ನಾಗಿಯೇ ಮಲಗಿದ ಮಗು ಬೆಳಿಗ್ಗೆ ಹೊಟ್ಟೆನೋವೆಂದು ಅಳುತ್ತ ರೆಪ್ಪೆ ಎತ್ತಲಾರದೆ ಇದ್ದರೆ, ಅಜೀರ್ಣವೆಂದೋ ದೃಷ್ಟಿಯಾಗಿದೆಯೆಂದೋ ಹೊತ್ತು ಕಳೆಯದೆ ಹಾವಿನ ಸಂಶಯ ಪಡಬೇಕು.

ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58,000 ಜನ. ಇವರಲ್ಲಿ ಬಹುಪಾಲು ಹಳ್ಳಿಗಳವರು, ಹೊಲಮನೆ ಕೆಲಸದವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಸಾರಿತು. ಅದರಂತೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ಇಂಥ ಪ್ರಕರಣಗಳನ್ನು ವರದಿ ಮಾಡಬೇಕು. ಅದೇ ವರ್ಷ ಕೇಂದ್ರ ಸರ್ಕಾರವೂ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಯೋಜನೆಗಳು ತಮ್ಮ ಕೆಲಸ ಮಾಡಲಿ. ಪಡಸಾಲೆಯ ಮೂಲೆಯಲ್ಲಿರುವ ಎರಡು ಬೆರಳಗಲದ ಸಂದನ್ನು ಮಾತ್ರ ಮನೆಯವರೇ ಮುಚ್ಚಬೇಕು.

ಸಂದು ಏಕೆ ಬೀಳುತ್ತದೆ?

ಕಾರಣ ತಿಳಿಯದೆ ಮುಚ್ಚಿದರೆ ಸಂದು ಮತ್ತೆ ಮತ್ತೆ ಬಾಯಿ ಬಿಡುತ್ತದೆ. ಗೋಡೆ ನಿಂತಿರುವುದು ಬುನಾದಿಯ ಮೇಲೆ. ನೆಲ ಕುಳಿತಿರುವುದು ನಾಲ್ಕು ಗೋಡೆಗಳ ನಡುವೆ ತುಂಬಿದ ಮಣ್ಣಿನ ಮೇಲೆ. ಎರಡರ ಆಧಾರ ಬೇರೆ ಬೇರೆ. ಮನೆ ಕಟ್ಟುವಾಗ ಒಳಗೆ ತುಂಬುವ ಮಣ್ಣನ್ನು ಅರ್ಧ ಅಡಿಗೊಂದು ಪದರದಂತೆ ನೀರು ಹಾಕಿ ದಿಮ್ಮಸಿನಿಂದ ಬಡಿಯಬೇಕು. ಅವಸರದಲ್ಲಿ ಹೆಂಟೆ, ಇಟ್ಟಿಗೆ ಚೂರು, ಕಸಕಡ್ಡಿ ಎಲ್ಲವನ್ನೂ ಒಮ್ಮೆಗೇ ಸುರಿದು ಮೇಲೆ ಫರಸಿ ಕಲ್ಲು ಹಾಸಿದರೆ ಒಂದೆರಡು ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ. ನೆಲ ಇಳಿಯುತ್ತದೆ, ಗೋಡೆ ಇದ್ದಲ್ಲೇ ಇರುತ್ತದೆ. ನಡುವೆ ಸಂದು.

ಎರೆಭೂಮಿಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ರೈತರಿಗೆ ಎರೆಮಣ್ಣಿನ ಗುಣ ಹೇಳಿಕೊಡಬೇಕಿಲ್ಲ. ಮಳೆ ಬಿದ್ದರೆ ಉಬ್ಬುತ್ತದೆ. ಬಿಸಿಲಿಗೆ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಕಾಣುವ ಅದೇ ಆಟ ಮನೆಯ ಅಡಿಯಲ್ಲೂ ನಡೆದಿರುತ್ತದೆ. ಗೋಡೆಯ ಹೊರಮಗ್ಗುಲಿಗೆ ಮಾಳಿಗೆಯ ನೀರು, ಬಚ್ಚಲ ನೀರು ನಿಂತರೆ ಆ ಬದಿಯ ಮಣ್ಣು ಉಬ್ಬುತ್ತದೆ. ಮನೆಯ ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಹೀಗೆ ವರ್ಷಕ್ಕೊಂದು ಸಲ ಮನೆ ಉಸಿರಾಡಿದಂತೆ ಸಂದು ಹಿಗ್ಗಿ ಕುಗ್ಗುತ್ತದೆ. ಯುಗಾದಿಯ ಹೊತ್ತಿಗೆ ಹೆಬ್ಬೆರಳು ಹೋಗುವ ಸಂದು ಪಂಚಮಿಯ ಹೊತ್ತಿಗೆ ಕೂದಲೆಳೆಯಷ್ಟೇ ಆಗಿರುವುದುಂಟು.

ಇದನ್ನು ಗಮನಿಸದೆ ಸಿಮೆಂಟ್ ಮೆತ್ತುವುದು ಬಹಳ ಕಡೆ ನಡೆದಿದೆ. ಗೌಂಡಿ ಬಂದು ನೋಡಿ, "ಯವ್ವಾ, ಒಂದು ಪುಟ್ಟಿ ಸಿಮೆಂಟ್ ಹಚ್ಚಿಬಿಟ್ರ ಮುಗೀತ್ರಿ" ಎನ್ನುತ್ತಾನೆ. "ಹೋದ ವರ್ಷನೂ ಹಿಂಗ ಅಂದಿದ್ದೆಲ್ಲೋ ತಮ್ಮಾ, ಯುಗಾದಿ ಬರೂದ್ರಾಗ ಮತ್ತ ಬಾಯಿ ಬಿಟ್ಟೈತಿ" ಎಂದು ಮನೆಯೊಡತಿ ಹೇಳಿದರೆ ಆಕೆಯ ಮಾತೇ ಸರಿ. ಬೇಸಿಗೆಯಲ್ಲಿ ಸಂದು ಅಗಲವಾಗಿರುವಾಗ ಕಲ್ಲಿನಂಥ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಉಬ್ಬುವ ನೆಲಕ್ಕೆ ಜಾಗವಿಲ್ಲದೆ ಫರಸಿ ಏಳುತ್ತದೆ, ಇಲ್ಲವೆ ಗಾರೆ ಒಡೆಯುತ್ತದೆ. ಮಳೆಗಾಲದಲ್ಲಿ ಮುಚ್ಚಿದರೆ ಬೇಸಿಗೆಗೆ ಪಕ್ಕದಲ್ಲೇ ಹೊಸ ಸಂದು ಬೀಳುತ್ತದೆ.

ಎಷ್ಟು ಸಂದು ಅಪಾಯ?

ಅರ್ಧ ಅಂಗುಲ, ಎಂದರೆ 12 ಮಿಲಿಮೀಟರ್ ಸಂದಿದ್ದರೆ ಇಲಿ ನುಸುಳಬಲ್ಲದು. ಮನೆಯ ಚಿಕ್ಕ ಇಲಿಗೆ ಕಾಲು ಅಂಗುಲ, 6 ಮಿಲಿಮೀಟರ್ ಸಾಕು. ತಲೆಬುರುಡೆ ಹಿಡಿಸಿದರೆ ಉಳಿದ ಮೈಯನ್ನು ಅದು ಹೇಗೋ ಎಳೆದುಕೊಳ್ಳುತ್ತದೆ. ಬರೆಯುವ ಪೆನ್ಸಿಲ್ ಸಂದಿನಲ್ಲಿ ತೂರಿದರೆ ಚಿಕ್ಕ ಇಲಿಯ ದಾರಿ ಎಂದೂ, ಹೆಬ್ಬೆರಳಿನ ದಪ್ಪದ ಕೋಲು ತೂರಿದರೆ ದೊಡ್ಡ ಇಲಿಯ ದಾರಿ ಎಂದೂ ತಿಳಿಯಬಹುದು. ಮರಿಹಾವಿಗೂ ತೆಳ್ಳನೆಯ ಕಟ್ಟುಹಾವಿಗೂ ಕಿರುಬೆರಳಿನಷ್ಟು ಜಾಗ ಸಾಕು. ಅಳೆಯುವುದು ಕೋಲಿನಿಂದಲೇ; ಯಾವ ಕಾರಣಕ್ಕೂ ಸಂದಿನೊಳಗೆ ಬೆರಳು ಹಾಕಬಾರದು.

ಸಂದನ್ನು ಹುಡುಕುವ ಮೊದಲು ಗೋಡೆಗೆ ಒತ್ತಿ ಇಟ್ಟ ಚೀಲಗಳನ್ನು ತೆಗೆಯಬೇಕು. ಕಾಳಿನ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಒಂದೂವರೆ ಅಡಿ ದೂರ ಇಡಬೇಕೆಂಬ ಸಲಹೆ ಹಳೆಯದು. ತೇವ ತಾಗಬಾರದೆಂಬುದು ಅದರ ಒಂದು ಉದ್ದೇಶ; ಗೋಡೆಯ ಬುಡ ಕಣ್ಣಿಗೆ ಕಾಣುತ್ತಿರಬೇಕೆಂಬುದು ಇನ್ನೊಂದು. ಎರಡನೆಯದನ್ನು ಹೇಳುವವರು ಕಡಿಮೆ. ಬುಡದಲ್ಲಿ ಸಡಿಲ ಮಣ್ಣಿನ ಗುಡ್ಡೆ, ಹಿಕ್ಕೆ, ಇಲಿಯ ಮೈ ಉಜ್ಜಿ ಆದ ಜಿಡ್ಡಿನ ಕಪ್ಪು ಗುರುತು ಇದ್ದರೆ ಅಲ್ಲಿ ಓಡಾಟವಿದೆ. ಸಂಶಯವಿದ್ದರೆ ರಾತ್ರಿ ಅಲ್ಲಿ ತೆಳ್ಳಗೆ ಬೂದಿ ಉದುರಿಸಿ ಬೆಳಿಗ್ಗೆ ನೋಡಿದರಾಯಿತು. ಹೆಜ್ಜೆಯೂ ಬಾಲದ ಗೆರೆಯೂ ಮೂಡಿರುತ್ತವೆ. ನೆಲ ಸಾರಿಸುವ ತಾಯಂದಿರಿಗೆ ಮನೆಯ ಪ್ರತಿ ಮೂಲೆಯೂ ಪರಿಚಿತ. ಈ ತಪಾಸಣೆಯಲ್ಲಿ ಯಾವ ಎಂಜಿನಿಯರೂ ಅವರಿಗಿಂತ ಮೇಲಲ್ಲ.

ಮುಚ್ಚುವ ಮೊದಲು

ಒಳಗೆ ಜೀವ ಇರುವಾಗಲೇ ಸಂದು ಮುಚ್ಚಿದರೆ ಎರಡು ತೊಂದರೆ. ಇಲಿ ಮೆತ್ತನೆಯ ಗಾರೆಯನ್ನು ಕಡಿದು ಬೇರೆ ಕಡೆ ಬರುತ್ತದೆ, ಇಲ್ಲವೆ ಒಳಗೇ ಸತ್ತು ನಾರುತ್ತದೆ. ಹಾವಿದ್ದರೆ ಮನೆಯ ಒಳಬದಿಗೆ ಬೇರೆ ದಾರಿ ಹುಡುಕುತ್ತದೆ. ಆದುದರಿಂದ ಮೊದಲು ಬೋನು ಇಡಬೇಕು. ಇಲಿ ಗೋಡೆಯ ಬುಡ ಹಿಡಿದೇ ಓಡುತ್ತದೆ, ಬೋನಿನ ಬಾಯಿ ಆ ದಾರಿಗೆ ಇರಲಿ. ಹೊಸ ವಸ್ತು ಕಂಡರೆ ಅದು ಹತ್ತಿರ ಬರುವುದಿಲ್ಲ. ಎರಡು ಮೂರು ದಿನ ಬೋನಿನ ಬಾಗಿಲು ಕಟ್ಟಿ ತೆರೆದಿಟ್ಟು ಒಳಗೆ ಕೊಬ್ಬರಿ ಚೂರೋ ಎಣ್ಣೆ ಸವರಿದ ರೊಟ್ಟಿಯೋ ಇಟ್ಟು, ತಿನ್ನುವ ರೂಢಿ ಬಿದ್ದ ಮೇಲೆ ಕೀಲು ಹಾಕಿದರೆ ಒಂದೇ ರಾತ್ರಿಯಲ್ಲಿ ಫಲ ಕಾಣುತ್ತದೆ. ಇಲಿ ಬೀಳುವುದು ನಿಂತ ಮೇಲೆ ಸಂದಿನ ಬಾಯಿಗೆ ಸಂಜೆ ಹಸಿ ಮಣ್ಣಿನ ಮುಚ್ಚಳವನ್ನು ಸಡಿಲವಾಗಿ ಮೆತ್ತಬೇಕು. ಬೆಳಿಗ್ಗೆ ಅದು ತೆರೆದಿದ್ದರೆ ಒಳಗೆ ಇನ್ನೂ ಜೀವವಿದೆ. ಮೂರು ದಿನ ಮುಚ್ಚಳ ಹಾಗೆಯೇ ಇದ್ದರೆ ಕೆಲಸ ಪ್ರಾರಂಭಿಸಬಹುದು. ಹಾವಿನ ಪೊರೆ ಕಂಡರೆ, ಹಾವು ಒಳಗೆ ಹೋದುದನ್ನು ಯಾರಾದರೂ ನೋಡಿದ್ದರೆ, ಅರಣ್ಯ ಇಲಾಖೆಗೋ ಹಾವು ಹಿಡಿದು ಬಿಡುವ ಅನುಭವಸ್ಥರಿಗೋ ತಿಳಿಸಬೇಕು. ಹಾರೆ ಹಾಕಿ ಕೆದಕುವ ಸಾಹಸ ಬೇಡ.

ಇಲ್ಲಿ ಒಂದು ಕಟ್ಟೆಚ್ಚರದ ಮಾತು. ಹಳ್ಳಿಗಳಲ್ಲಿ ಗುಳಿಗೆ ಎಂದೇ ಹೆಸರಾಗಿರುವ ಅಲ್ಯೂಮಿನಿಯಂ ಫಾಸ್ಫೈಡನ್ನು ಮನೆಯ ಸಂದಿಗೆ, ಗೋಡೆ ಬುಡದ ಬಿಲಕ್ಕೆ ಹಾಕುವವರಿದ್ದಾರೆ. ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇಲಿ ಹೋಗುವ ದಾರಿಯಲ್ಲೆಲ್ಲ ಅನಿಲವೂ ಹೋಗುತ್ತದೆ. ಇಲಿ ಹೋಗಲಾರದ ಕೂದಲೆಳೆಯ ಬಿರುಕಿನಲ್ಲೂ ಹೋಗುತ್ತದೆ. ಕಾಳಿನ ಕೋಣೆಯಲ್ಲಿ ಹಾಕಿದ ಗುಳಿಗೆಯ ಅನಿಲ ಗೋಡೆಯಾಚೆ ಮಲಗಿದವರನ್ನು ತಲುಪಬಹುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಜನ ವಾಸಿಸುವ ಮನೆಯಲ್ಲಿ, ಮನೆಗೆ ತಾಗಿದ ಕೊಟ್ಟಿಗೆಯಲ್ಲಿ ಅದನ್ನು ಬಳಸಲೇಬಾರದು.

ಮುಚ್ಚುವ ಬಗೆ

ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ ಇರುವ ಮನೆಯಲ್ಲಿ ಮಣ್ಣಿಗೆ ಮಣ್ಣೇ ಮದ್ದು. ಸಂದಿನ ಉದ್ದಕ್ಕೂ ಒಂದು ಗೇಣು ಆಳ, ನಾಲ್ಕು ಬೆರಳು ಅಗಲ ತೋಡಿ ಸಡಿಲ ಮಣ್ಣನ್ನೆಲ್ಲ ತೆಗೆಯಬೇಕು. ತಳದಲ್ಲಿ ಕಲ್ಲು ಚೂರು ಹಾಕಿ ಹಾರೆಯ ಹಿಂಬದಿಯಿಂದ ಜಡಿಯಬೇಕು. ಇಲಿಯ ಕಾಟ ಹೆಚ್ಚಿದ್ದರೆ ಹಿರಿಯರು ಮಾಡುತ್ತಿದ್ದಂತೆ ಗಾಜಿನ ಚೂರುಗಳನ್ನು ಈ ತಳದ ಪದರದಲ್ಲಿ ಸೇರಿಸಬಹುದು. ಮೇಲಿನ ಪದರದಲ್ಲಿ ಬೇಡ, ಮುಂದೆ ಎಂದಾದರೂ ಕೆರೆಯುವಾಗ ಕೈಗೆ ತಾಗೀತು. ಅದರ ಮೇಲೆ ಗರಸು, ಸ್ವಲ್ಪ ಸುಣ್ಣ ಬೆರೆಸಿದ ಮಣ್ಣನ್ನು ಮೂರು ನಾಲ್ಕು ಪದರವಾಗಿ ಹದ ತೇವದಲ್ಲಿ ಬಡಿಯುತ್ತ ಬರಬೇಕು. ನೀರು ಹೆಚ್ಚಾದ ಕೆಸರು ಒಣಗಿದಾಗ ಕುಗ್ಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಕೈಗೆ ಅಂಟದಿದ್ದರೆ ಅದು ಹದ. ಎರೆಮಣ್ಣನ್ನು ಇದಕ್ಕೆ ಬಳಸಲೇಬಾರದು. ಕೊನೆಗೆ ಹೊಟ್ಟು, ಸಗಣಿ ಸೇರಿಸಿ ಕೊಳೆಸಿದ ಮಣ್ಣಿನಿಂದ ಗೋಡೆಗೆ ಒಂದು ಗೇಣು ಎತ್ತರದವರೆಗೆ ಇಳಿಜಾರಾಗಿ ಮೆತ್ತಿದರೆ ಮೂಲೆ ಚೂಪಾಗಿ ಉಳಿಯದೆ ಗುಂಡಗಾಗುತ್ತದೆ. ಗುಂಡನೆಯ ಮೂಲೆಯಲ್ಲಿ ಕಸ ನಿಲ್ಲುವುದಿಲ್ಲ, ಬಿರುಕು ಬಿದ್ದರೆ ಒಡನೆ ಕಾಣುತ್ತದೆ.

ಮಣ್ಣಿನ ಗೋಡೆಯ ಬುಡಕ್ಕೆ ಗಟ್ಟಿಯಾಗಲೆಂದು ಸಿಮೆಂಟ್ ಗಿಲಾಯಿ ಮಾಡಿಸುವುದು ಈಗ ಬಹಳವಾಗಿದೆ. ಇದು ಒಳ್ಳೆಯದಲ್ಲ. ಮಣ್ಣೂ ಸಿಮೆಂಟೂ ಒಂದಾಗಿ ಹಿಡಿಯುವುದಿಲ್ಲ. ನೆಲದಿಂದ ಏರುವ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಗೋಡೆಯ ಮಣ್ಣನ್ನು ಕರಗಿಸುತ್ತದೆ. ಕೆಲ ವರ್ಷಗಳಲ್ಲಿ ಸಿಮೆಂಟಿನ ಚಿಪ್ಪು ಮಾತ್ರ ನಿಂತು ಹಿಂದೆ ಪೊಳ್ಳಾಗುತ್ತದೆ. ಬೆರಳಿನಿಂದ ತಟ್ಟಿದರೆ ಡಬ್ ಡಬ್ ಎಂಬ ಸದ್ದು ಬರುವುದು ಇದರಿಂದಲೇ. ಇಲಿಗೆ ಅದಕ್ಕಿಂತ ಭದ್ರವಾದ ಓಣಿ ಬೇರೆ ಬೇಕೆ? ಅಂಥ ಚಿಪ್ಪು ಈಗಾಗಲೇ ಇದ್ದರೆ ಕೆಳಗಿನ ಒಂದೆರಡು ಅಡಿಯನ್ನು ಕಿತ್ತು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾಯಿ ಮಾಡುವುದೇ ಲೇಸು.

ಫರಸಿ ಕಲ್ಲಿನ ನೆಲವಾದರೆ ಸಂದಿಗೆ ಮೇಲಿಂದ ಏನನ್ನು ತುಂಬಿದರೂ ಅದು ಕಲ್ಲಿನ ಅಡಿಯ ಪೊಳ್ಳಿಗೆ ಇಳಿದುಹೋಗುತ್ತದೆ. ಗೋಡೆಗೆ ಹತ್ತಿದ ಒಂದು ಸಾಲು ಕಲ್ಲನ್ನು ಎತ್ತಿಸಿ, ಅಡಿಯ ಮಣ್ಣನ್ನು ಗರಸಿನಿಂದ ತುಂಬಿ ಬಡಿದು, ಅದೇ ಕಲ್ಲನ್ನು ಮತ್ತೆ ಹಾಸಬೇಕು. ಒಂದು ದಿನದ ಕೂಲಿ ಹೆಚ್ಚಾಗುತ್ತದೆ ನಿಜ. ಆದರೆ ಅದನ್ನು ಉಳಿಸಹೋದವರು ಪ್ರತಿ ವರ್ಷ ಒಂದು ಪುಟ್ಟಿ ಗಾರೆಯನ್ನು ಬಿಲಕ್ಕೆ ಸುರಿಯುತ್ತಿರುತ್ತಾರೆ.

ಸಿಮೆಂಟ್ ಅಥವಾ ಕೆಂಪು ಗಾರೆಯ ನೆಲ, ಇಟ್ಟಿಗೆ ಇಲ್ಲವೆ ಕಲ್ಲಿನ ಗೋಡೆ ಇದ್ದು, ಅಡಿಯ ಮಣ್ಣು ಕೆಂಪು ಮಣ್ಣಾಗಿದ್ದರೆ ಕೆಲಸ ಸುಲಭ. ಸಂದನ್ನು ಉಳಿಯಿಂದ ಒಂದು ಅಂಗುಲ ಅಗಲ ಮಾಡಿ, ಧೂಳು ತೆಗೆದು, ನೀರು ಚಿಮುಕಿಸಬೇಕು. ಕಾಲು ಅಂಗುಲಕ್ಕಿಂತ ದೊಡ್ಡ ಕಣ್ಣಿಲ್ಲದ ತಂತಿ ಜಾಳಿಗೆಯನ್ನು ಮಡಿಚಿ ಆಳಕ್ಕೆ ತುರುಕಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಕರಣಿಯ ತುದಿಯಿಂದ ಒತ್ತಿ ತುಂಬಬೇಕು. ಒಂದು ವಾರ ಗೋಣಿತಾಟು ಹೊದಿಸಿ ನೀರುಣಿಸಬೇಕು. ನೀರುಣಿಸದ ಗಾರೆ ಇಲಿಯ ಹಲ್ಲಿಗೆ ಬೆಲ್ಲದಚ್ಚು.

ಎರೆಭೂಮಿಯ ಮನೆಯಲ್ಲಿ ಮಾತ್ರ ಬಾಗುವ, ಬಳುಕುವ ವಸ್ತು ಬೇಕು. ಸಂದು ತೀರ ಹಿಗ್ಗಿರದ, ತೀರ ಕುಗ್ಗಿರದ ಕಾಲ, ಎಂದರೆ ಸಂಕ್ರಾಂತಿಯ ಆಸುಪಾಸು ಈ ಕೆಲಸಕ್ಕೆ ಅನುಕೂಲ. ಮೊದಲು ತಂತಿ ಜಾಳಿಗೆ ತುರುಕಬೇಕು. ಅದರ ಮೇಲೆ, ಬಿಸಿ ಡಾಂಬರಿಗೆ ಒಣ ಮರಳು ಬೆರೆಸಿ ನೆಲದ ಮಟ್ಟಕ್ಕಿಂತ ಅರ್ಧ ಅಂಗುಲ ಕೆಳಗೆ ನಿಲ್ಲುವಂತೆ ತುಂಬಿ ಒತ್ತಬೇಕು. ಡಾಂಬರನ್ನು ಮನೆಯ ಹೊರಗೆ, ಸಣ್ಣ ಉರಿಯಲ್ಲಿ, ಮಕ್ಕಳನ್ನು ದೂರವಿಟ್ಟು ಕಾಯಿಸಬೇಕು. ಅದಕ್ಕೆ ನೀರಿನ ಹನಿ ಬೀಳಬಾರದು. ಇದರ ಮೇಲೆ ನಾಲ್ಕು ಅಂಗುಲ ಎತ್ತರದ ಗಾರೆಯ ಪಟ್ಟಿಯನ್ನು ಗೋಡೆಗೆ ಕಟ್ಟಬೇಕು. ಪಟ್ಟಿ ಗೋಡೆಗೆ ಮಾತ್ರ ಹಿಡಿದಿರಬೇಕು, ನೆಲಕ್ಕೆ ಹಿಡಿಯಬಾರದು. ಎಣ್ಣೆ ಸವರಿದ ಕಾಗದವನ್ನು ನೆಲದ ಮೇಲೆ ಹಾಸಿ ಪಟ್ಟಿ ಕಟ್ಟಿದರೆ ಎರಡೂ ಅಂಟುವುದಿಲ್ಲ. ನೆಲ ಏರಿ ಇಳಿದರೂ ಪಟ್ಟಿ ಸಂದನ್ನು ಮರೆಮಾಡಿ ನಿಂತಿರುತ್ತದೆ. ಇದನ್ನು ಗೌಂಡಿಗೆ ಒಂದಕ್ಕೆರಡು ಸಲ ಹೇಳಬೇಕಾಗುತ್ತದೆ. ಪಟ್ಟಿಯನ್ನು ನೆಲಕ್ಕೆ ಬಿಗಿಯುವುದೇ ಅವರ ಕೈಗೆ ರೂಢಿಯಾದ ಕೆಲಸ.

ಪೇಟೆಯಲ್ಲಿ ಈಗ ಕೊಳವೆಯಲ್ಲಿ ಸಿಗುವ ಸಿಲಿಕೋನ್, ಅಕ್ರಿಲಿಕ್ ಅಂಟುಗಳೂ, ಉಬ್ಬುವ ನೊರೆಯೂ ಬಂದಿವೆ. ಕೂದಲೆಳೆಯ ಬಿರುಕಿಗೆ, ಇರುವೆ ಜಿರಲೆ ತಡೆಯಲಿಕ್ಕೆ ಅಂಟು ಒಳ್ಳೆಯದೇ. ಇಲಿಯ ಮುಂದೆ ಮಾತ್ರ ಇವು ನಿಲ್ಲುವುದಿಲ್ಲ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ನೊರೆ ಅದಕ್ಕೆ ಒಂದು ರಾತ್ರಿಯ ಕೆಲಸ.

ಗೆದ್ದಲೂ ಇದೇ ಸಂದಿನಿಂದ ಏರಿ ಚೌಕಟ್ಟು, ತೊಲೆ, ಕಪಾಟು ಹಿಡಿಯುತ್ತದೆ. ಗೆದ್ದಲಿನ ಮಣ್ಣುಗೆರೆ ಕಂಡರೆ ಸಂದು ಮುಚ್ಚುವ ಮೊದಲೇ ಅದಕ್ಕೆ ಉಪಚಾರ ಮಾಡಿಸಬೇಕು. ನೆಲ ಗೋಡೆ ಕೂಡುವ ಗೆರೆಯ ಮೇಲೆ 30 ಸೆಂಟಿಮೀಟರಿಗೊಂದರಂತೆ ಸಣ್ಣ ತೂತು ಕೊರೆದು ಮಣ್ಣಿಗೆ ಔಷಧಿ ಇಳಿಸಿ ತೂತು ಮುಚ್ಚುವುದು ಕ್ರಮ. ಹಳೆಯ ಕೈಪಿಡಿಗಳಲ್ಲಿ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್, ಬಿ.ಎಚ್.ಸಿ. ಎಂದು ಬರೆದಿರುವುದನ್ನು ನೋಡಿ ಯಾರೂ ಹುಡುಕಿಕೊಂಡು ಹೋಗಬಾರದು. ಅವೆಲ್ಲ 1990ರ ದಶಕದಲ್ಲೇ ನಿಷೇಧವಾದವು. ಈಗ ಅನುಮತಿ ಇರುವ ಔಷಧಿಯನ್ನು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ತರಬೇತಿ ಪಡೆದವರ ಕೈಯಿಂದಲೇ ಹಾಕಿಸಬೇಕು. ಬಾವಿ ಹತ್ತಿರವಿದ್ದರೆ ಅದನ್ನು ಮೊದಲೇ ಹೇಳಬೇಕು.

ಹೊರಬದಿಯ ಕೆಲಸ

ಒಳಗೆ ಎಷ್ಟು ಮುಚ್ಚಿದರೂ ಹೊರಗೆ ನೀರು ನಿಂತರೆ ಶ್ರಮ ವ್ಯರ್ಥ. ಗೋಡೆಯ ಹೊರಬುಡದಲ್ಲಿ ಎರಡು ಮೂರು ಅಡಿ ಅಗಲಕ್ಕೆ ಗರಸು ಬಡಿದು, ಅನುಕೂಲವಿದ್ದರೆ ಮೇಲೆ ಜಲ್ಲಿ ಗಾರೆ ಹಾಕಿ, ಮನೆಯಿಂದ ಆಚೆಗೆ ಇಳಿಜಾರು ಕೊಡಬೇಕು. ಮಾಳಿಗೆಯ ದೋಣಿಯಿಂದ ಬೀಳುವ ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಹರಿಯಬೇಕು. ಬಚ್ಚಲ ಕೊಳವೆಯ ಬಾಯಿಗೆ ಜಾಳಿಗೆ, ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಇರಲಿ. ಕುಳ್ಳು, ಕಟ್ಟಿಗೆ, ಹಳೆಯ ಹಂಚು, ಮೇವಿನ ರಾಶಿಯನ್ನು ಗೋಡೆಗೆ ಒತ್ತಿ ಪೇರಿಸುವ ರೂಢಿಯನ್ನು ಬಿಡಬೇಕು. ಪಂಚಮಿಯ ದಿನ ಊರ ಹೊರಗಿನ ಹುತ್ತಕ್ಕೆ ಹಾಲೆರೆದು ಬರುವ ಮನೆಗಳಲ್ಲೇ ಹಿತ್ತಲ ಗೋಡೆಗೆ ಒತ್ತಿದ ಕುಳ್ಳಿನ ಬಣವೆ ಹಾವಿಗೆ ಇನ್ನೊಂದು ಹುತ್ತವಾಗಿರುತ್ತದೆ.

ಎಲ್ಲ ಸಂದೂ ಮನೆಯವರು ಮುಚ್ಚುವಂಥದಲ್ಲ. ಗೋಡೆ ತೂಗುಗುಂಡಿಗೆ ಓರೆಯಾಗಿದ್ದರೆ, ಕಿಟಕಿ ಬಾಗಿಲುಗಳ ಮೂಲೆಯಿಂದ ಕರ್ಣರೇಖೆಯಂತೆ ಬಿರುಕು ಹೊರಟಿದ್ದರೆ ಬುನಾದಿಯೇ ಕುಸಿಯುತ್ತಿರಬಹುದು. ಬಿರುಕಿಗೆ ಅಡ್ಡಲಾಗಿ ಒಂದು ತೆಳುಗಾಜಿನ ಪಟ್ಟಿಯನ್ನು ಎರಡು ತುದಿಗೂ ಗಾರೆಯಿಂದ ಹಿಡಿಸಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಆಗ ಎಂಜಿನಿಯರಿಗೆ ತೋರಿಸಬೇಕು, ಆ ಗೋಡೆಯ ಮಗ್ಗುಲಲ್ಲಿ ಯಾರೂ ಮಲಗಬಾರದು.

ರಾತ್ರಿಯ ಕಾವಲು

ಸಂದು ಮುಚ್ಚಿದ ಮನೆಗೂ ತೆರೆದ ಬಾಗಿಲಿನಿಂದ ಹಾವು ಬರಬಹುದು. ಸಾಧ್ಯವಿದ್ದವರು ಮಂಚದ ಮೇಲೆ ಮಲಗಬೇಕು. ಮಂಚವಿಲ್ಲದ ಮನೆಯಲ್ಲಿ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸೇರಿಸಿ ಮಲಗಿದರೆ ಅದೂ ದೊಡ್ಡ ರಕ್ಷಣೆ. ನೇಪಾಳದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ, ಪರದೆಯೊಳಗೆ ಮಲಗಿದವರಿಗೆ ಹಾವು ಕಚ್ಚುವುದು ಬಹಳ ಕಡಿಮೆ ಎಂದು ತೋರಿಸಿದೆ. ಹಾಸುವ ಮುನ್ನ ಹಾಸಿಗೆ ಕೊಡವಬೇಕು. ಹಾಸಿಗೆಯನ್ನು ಗೋಡೆಗೆ ತಾಗಿಸದೆ ಕೋಣೆಯ ನಡುವೆ ಹಾಸಬೇಕು. ಕಾಳಿನ ಚೀಲಗಳ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ರಾತ್ರಿ ಎದ್ದರೆ ಕಾಲಿಡುವ ಮೊದಲು ಬ್ಯಾಟರಿ ಬೆಳಕು ಬಿಡಬೇಕು.

ಕಚ್ಚಿದ ಸಂಶಯ ಬಂದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಬೇರು ತೇಯ್ದು ಕುಡಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ನಡೆಸದೆ, 108ಕ್ಕೆ ಕರೆ ಮಾಡಿ ಇಲ್ಲವೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಭಾರತದಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಆದುದರಿಂದ ಹಾವನ್ನು ಹುಡುಕಿ ಕೊಂದು ಒಯ್ಯುವ ಅಗತ್ಯವಿಲ್ಲ. ಕಟ್ಟುಹಾವಿನ ಕಡಿತದಲ್ಲಿ ಉಸಿರಾಟದ ಯಂತ್ರ ಬೇಕಾಗಬಹುದು. ಆ ಸೌಕರ್ಯ ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳಿ ತಿಳಿದಿರಬೇಕು.

ಸಂದಿನ ತಪಾಸಣೆಗೆ ವರ್ಷದಲ್ಲಿ ಎರಡು ದಿನ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಯುಗಾದಿಗೆ ಮನೆ ಸುಣ್ಣ ಬಳಿಯುವಾಗ ಒಮ್ಮೆ; ಆಗ ಮಣ್ಣು ಒಣಗಿ ಸಂದು ಅಗಲವಾಗಿರುತ್ತದೆ. ಪಂಚಮಿಯ ಮುನ್ನ ಮನೆ ತೊಳೆಯುವಾಗ ಇನ್ನೊಮ್ಮೆ. ಆಗ ಮಳೆಗೆ ಹೊರಬದಿ ಎಲ್ಲಿ ಕುಸಿದಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಕಾಣುತ್ತದೆ. ಸಂದು ಕಂಡಲ್ಲಿ ಗೋಡೆಯ ಮೇಲೆ ಪೆನ್ಸಿಲಿನಿಂದ ಅಗಲವನ್ನೂ ತಾರೀಖನ್ನೂ ಬರೆದಿಟ್ಟರೆ ಮುಂದಿನ ಸಲ ಬಂದ ಗೌಂಡಿಗೆ ಅದನ್ನೇ ತೋರಿಸಬಹುದು. ಸುಣ್ಣ ಬಳಿಯುವವರಿಗೆ ಆ ಗುರುತು ಅಳಿಸಬೇಡಿರೆಂದು ಹೇಳಿರಬೇಕು, ಅಷ್ಟೇ.